ನಲವತ್ತರಲ್ಲಿ ಕಾಲೇಜು ಸೇರಿದ ಗಿರಣಿಯವರು

ಎಂಜಿನಿಯರಿಂಗ್ ಅಥವಾ ಬಿ.ಎಸ್ಸಿ. ಗಣಿತ ಓದಿದವರಿಗೆಲ್ಲ ಗ್ರೀನ್ಸ್ ಥಿಯರಮ್ ಗೊತ್ತು. ಆದರೆ ಆ ಗ್ರೀನ್ ಬಾಲ್ಯದಲ್ಲಿ ಶಾಲೆಗೆ ಹೋಗಿದ್ದು ನಾಲ್ಕೇ ಟರ್ಮ್ ಎಂಬುದು ಎಷ್ಟು ಜನರಿಗೆ ಗೊತ್ತು?

ಜಾರ್ಜ್ ಗ್ರೀನ್ ಹುಟ್ಟಿದ್ದು 1793ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅಪ್ಪನದು ಬೇಕರಿ. ಎಂಟನೇ ವಯಸ್ಸಿಗೆ ಶಾಲೆ ಸೇರಿದ ಹುಡುಗ ಮರುವರ್ಷವೇ ಬಿಟ್ಟು ಬೇಕರಿ ಕೆಲಸಕ್ಕೆ ನಿಂತ. 1807ರಲ್ಲಿ ಅಪ್ಪ ಪಕ್ಕದ ಸ್ನೆಂಟನ್‌ನಲ್ಲಿ ಗಾಳಿಯಿಂದ ತಿರುಗುವ ಹಿಟ್ಟಿನ ಗಿರಣಿ ಕಟ್ಟಿಸಿದರು. ಮುಂದೆ ಗ್ರೀನ್ ಗಿರಣಿಯ ಕೆಲಸದ ನಡುವೆಯೇ ಗಣಿತ ಕಲಿತರು. 1823ರಲ್ಲಿ ಊರಿನ ಗ್ರಂಥಾಲಯದ ಸದಸ್ಯರಾದರು.

1828ರಲ್ಲಿ ವಿದ್ಯುತ್ತು ಮತ್ತು ಕಾಂತತೆಯ ಗಣಿತದ ಬಗ್ಗೆ ಅವರ ಪ್ರಬಂಧ ಅಚ್ಚಾಯಿತು. ಚಂದಾ ಕೊಟ್ಟು ಕೊಂಡವರು 51 ಮಂದಿ. ಅವರಲ್ಲಿ ಬಹುತೇಕರಿಗೆ ಅದು ಅರ್ಥವಾಗುವಂಥದ್ದಲ್ಲ. ಅರ್ಥವಾದ ಒಬ್ಬರು ಎಡ್ವರ್ಡ್ ಬ್ರೋಮ್‌ಹೆಡ್. ಮುಂದಿನ ಬರಹಗಳನ್ನು ವಿದ್ವತ್ ಸಂಸ್ಥೆಗಳಿಗೆ ತಲುಪಿಸುತ್ತೇನೆಂದು ಅವರು ಪತ್ರ ಬರೆದರು. ದೊಡ್ಡವರು ಉಪಚಾರಕ್ಕೆ ಹೇಳಿದ ಮಾತಿರಬೇಕೆಂದು ಯಾರೋ ಹೇಳಿದ್ದನ್ನು ನಂಬಿ ಗ್ರೀನ್ ಉತ್ತರಿಸಲೇ ಇಲ್ಲ. ಹೀಗೆ ಸುಮಾರು ಎರಡು ವರ್ಷ ಹೋಯಿತು. ಕೊನೆಗೆ ಬರೆದಾಗ, ಬ್ರೋಮ್‌ಹೆಡ್ ಹೇಳಿದ್ದು ಮನಸಾರೆ ಎಂಬುದು ತಿಳಿಯಿತು.

ಬ್ರೋಮ್‌ಹೆಡ್ ಅವರ ಪ್ರೋತ್ಸಾಹದಿಂದ ಕೇಂಬ್ರಿಜ್‌ಗೆ ಸೇರುವ ವಿಚಾರ ಬಂತು. ಅಲ್ಲಿ ಓದಲು ಲ್ಯಾಟಿನ್, ಗ್ರೀಕ್ ಬೇಕಿತ್ತು. ಹೊಸ ಗಣಿತವನ್ನೇ ಕಟ್ಟಿದ್ದ ಗ್ರೀನ್ ಈ ಭಾಷೆಗಳ ವಿಷಯದಲ್ಲಿ ಅಳುಕಿದರು. ಆದರೂ ಕಲಿಯಲು ಕುಳಿತರು. 1833ರಲ್ಲಿ, ನಲವತ್ತನೇ ವಯಸ್ಸಿನಲ್ಲಿ, ಬ್ರೋಮ್‌ಹೆಡ್ ಓದಿದ್ದ ಕೀಸ್ ಕಾಲೇಜಿಗೇ ಸೇರಿದರು. ಸಹಪಾಠಿಗಳೆಲ್ಲ ಮಕ್ಕಳ ವಯಸ್ಸಿನವರು. ಸೇರಿದ ಮೇಲೆ ನೋಡಿದರೆ, ಅಲ್ಲಿ ಕೇಳುತ್ತಿದ್ದ ಲ್ಯಾಟಿನ್, ಗ್ರೀಕ್ ಅವರು ಹೆದರಿದ್ದಷ್ಟು ಕಠಿಣವಾಗಿರಲಿಲ್ಲ!

ಪದವಿಯ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ನಾಲ್ಕನೆಯವರಾಗಿ ಪಾಸಾದರು. 1839ರಲ್ಲಿ ಅದೇ ಕಾಲೇಜಿನ ಫೆಲೋ ಆದರು. ಆದರೆ ಆರೋಗ್ಯ ಕೈಕೊಟ್ಟಿತು. 1841ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1845ರಲ್ಲಿ ಆ ಹಳೆಯ ಪ್ರಬಂಧವನ್ನು ಓದಿ ಬೆರಗಾಗಿ ಮತ್ತೆ ಅಚ್ಚು ಹಾಕಿಸಿದ ಮೇಲೆಯೇ ಜಗತ್ತು ಗ್ರೀನ್ ಅವರನ್ನು ಗುರುತಿಸಿದ್ದು.

ಇಷ್ಟು ಕಡಿಮೆ ಬದುಕಿದವರಿಗೆ ಅಳುಕಿನಲ್ಲಿ ಹೋದ ಆ ಎರಡು ವರ್ಷ ಸಣ್ಣದಲ್ಲ. ನಮ್ಮಲ್ಲೂ ಅರ್ಧಕ್ಕೆ ಓದು ಬಿಟ್ಟು ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ಎಷ್ಟೋ ಗೆಳೆಯ ಗೆಳತಿಯರು, ಇನ್ನು ನಮಗೆ ಯಾವ ಕಾಲೇಜು ಎಂದು ಸುಮ್ಮನಾಗಿದ್ದಾರೆ. ಬೇಕಾದ ಅರ್ಹತೆ ನಿಜವಾಗಿ ಏನು, ಅದನ್ನು ಈಗ ಪಡೆಯುವ ದಾರಿ ಯಾವುದು ಎಂದು ಒಮ್ಮೆ ಹೋಗಿ ವಿಚಾರಿಸಿ. ಅಷ್ಟಕ್ಕಾದರೂ ತಡಮಾಡಬೇಡಿ.