ಥಿಯೆರಿ ಸಬೀನ್

ಥಿಯೆರಿ ಸಬೀನ್ (13 ಜೂನ್ 1949 – 14 ಜನವರಿ 1986) ಫ್ರಾನ್ಸ್ ದೇಶದ ಮೋಟಾರ್‌ಸೈಕಲ್ ಸವಾರ, ಸ್ಪರ್ಧಾ ಸಂಘಟಕ ಹಾಗೂ ಪ್ಯಾರಿಸ್–ಡಕಾರ್ ರ‍್ಯಾಲಿಯ ಸ್ಥಾಪಕ. 1977ರಲ್ಲಿ ಸಹಾರಾ ಮರುಭೂಮಿಯಲ್ಲಿ ದಾರಿ ತಪ್ಪಿ ಸಾವಿನ ಅಂಚಿನಿಂದ ಮರಳಿದ ಇವರು, ಆ ಅನುಭವವನ್ನೇ ಆಧಾರವಾಗಿಸಿಕೊಂಡು ಮರುವರ್ಷವೇ ಈ ರ‍್ಯಾಲಿಯನ್ನು ಆರಂಭಿಸಿದರು. ರಸ್ತೆಯಿಲ್ಲದ ನೆಲದಲ್ಲಿ ದೀರ್ಘ ಪ್ರಯಾಣ ಮಾಡಬಲ್ಲ 'ಅಡ್ವೆಂಚರ್' ಮೋಟಾರ್‌ಸೈಕಲ್‌ಗಳ ಬೆಳವಣಿಗೆಗೆ ಈ ಸ್ಪರ್ಧೆ ಬಹುಮಟ್ಟಿಗೆ ಕಾರಣವಾಯಿತು. ರ‍್ಯಾಲಿಯ ಎಂಟನೆಯ ಆವೃತ್ತಿ ನಡೆಯುತ್ತಿದ್ದಾಗ ಮಾಲಿ ದೇಶದಲ್ಲಿ ಸಂಭವಿಸಿದ ಹೆಲಿಕಾಪ್ಟರ್ ಅಪಘಾತದಲ್ಲಿ ಸಬೀನ್ ನಿಧನರಾದರು.

ಆರಂಭಿಕ ಜೀವನ

ಸಬೀನ್ ಪ್ಯಾರಿಸ್ ನಗರಕ್ಕೆ ಹೊಂದಿಕೊಂಡಿರುವ ನ್ಯೂಯಿ-ಸುರ್-ಸೇನ್‌ನಲ್ಲಿ ಜನಿಸಿದರು. ತಂದೆ ಜಿಲ್ಬೇರ್ ಸಬೀನ್. ಯೌವನದಲ್ಲಿಯೇ ವಾಹನ ಸ್ಪರ್ಧೆಗಳತ್ತ ಆಕರ್ಷಿತರಾದ ಇವರು ಸ್ಪರ್ಧಿಯಾಗಿರುವುದರ ಜೊತೆಗೆ ಸ್ಪರ್ಧೆಗಳನ್ನು ರೂಪಿಸುವುದರಲ್ಲಿಯೂ ಆಸಕ್ತಿ ತಳೆದರು. 1975ರಲ್ಲಿ ಉತ್ತರ ಫ್ರಾನ್ಸಿನ ಕಡಲತೀರದ ಪಟ್ಟಣವಾದ ಲ ತುಕೆಯಲ್ಲಿ, ಮರಳದಿಬ್ಬಗಳ ನಡುವೆ ನಡೆಯುವ ಎಂಡ್ಯೂರೊ ಮೋಟಾರ್‌ಸೈಕಲ್ ಸ್ಪರ್ಧೆಯನ್ನು ಆರಂಭಿಸಿದರು. ಅನುಭವಿ ಸವಾರರೂ ಹವ್ಯಾಸಿಗಳೂ ಒಂದೇ ಮರಳಿನಲ್ಲಿ ಒಟ್ಟಿಗೆ ಸೆಣಸುವುದು ಈ ಸ್ಪರ್ಧೆಯ ವೈಶಿಷ್ಟ್ಯವಾಗಿತ್ತು. ಮುಂದೆ ಡಕಾರ್ ರ‍್ಯಾಲಿಯಲ್ಲಿಯೂ ಅವರು ಇದೇ ಕ್ರಮವನ್ನು ಅನುಸರಿಸಿದರು.

ಮರುಭೂಮಿಯಲ್ಲಿ ದಾರಿ ತಪ್ಪಿದ್ದು

ಐವರಿ ಕೋಸ್ಟಿನ ಅಬಿಜಾನ್‌ನಿಂದ ಫ್ರಾನ್ಸಿನ ನೀಸ್ ನಗರದವರೆಗೆ ನಡೆಯುತ್ತಿದ್ದ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಸಬೀನ್ 1977ರಲ್ಲಿ ಯಮಾಹಾ ಎಕ್ಸ್‌ಟಿ 500 ಮೋಟಾರ್‌ಸೈಕಲ್‌ನೊಂದಿಗೆ ಭಾಗವಹಿಸಿದರು. ಸಹಾರಾವನ್ನು ದಾಟುವಾಗ ಸ್ಪರ್ಧೆಯ ಮಾರ್ಗದಿಂದ ದೂರ ಸರಿದು ಒಂಟಿಯಾದರು. ಹಗಲಿನ ಬಿಸಿಲು, ರಾತ್ರಿಯ ಚಳಿ ಮತ್ತು ನೀರಿನ ಅಭಾವದ ನಡುವೆ ಮೂರು ದಿನಗಳನ್ನು ಕಳೆದು ತೀರಾ ಬಳಲಿದ್ದ ಅವರನ್ನು, ಆ ರ‍್ಯಾಲಿಯ ಸಂಘಟಕರಾದ ಜಾನ್-ಕ್ಲೋಡ್ ಬೆರ್ತ್ರಾಂ ವಿಮಾನದಿಂದ ಹುಡುಕಿ ಪತ್ತೆ ಹಚ್ಚಿದರು. ಈ ಘಟನೆಯ ನಂತರ ಸಬೀನ್ ಮರುಭೂಮಿಯಿಂದ ವಿಮುಖರಾಗಲಿಲ್ಲ. ಸಾಮಾನ್ಯ ಸವಾರರಿಗೂ ಆ ವಿಸ್ತಾರದ ಪರಿಚಯವಾಗಬೇಕೆಂಬ ಉದ್ದೇಶದಿಂದ ಯೂರೋಪಿನಲ್ಲಿ ಹೊರಟು ಸೆನೆಗಲ್ ರಾಜಧಾನಿ ಡಕಾರ್‌ನಲ್ಲಿ ಮುಗಿಯುವ ಸ್ಪರ್ಧೆಯೊಂದನ್ನು ಯೋಜಿಸಿದರು.

ಪ್ಯಾರಿಸ್–ಡಕಾರ್ ರ‍್ಯಾಲಿ

ಮೊದಲ ರ‍್ಯಾಲಿ 26 ಡಿಸೆಂಬರ್ 1978ರಂದು ಪ್ಯಾರಿಸ್ಸಿನ ತ್ರೊಕಾದೆರೊ ಚೌಕದಿಂದ ಹೊರಟಿತು. 182 ವಾಹನಗಳು ಆರಂಭದಲ್ಲಿದ್ದವು. ಸುಮಾರು 10,000 ಕಿಲೋಮೀಟರ್ ದೂರದ ಪ್ರಯಾಣದ ಬಳಿಕ ಡಕಾರ್ ತಲುಪಿದ್ದು 74 ಮಾತ್ರ. ಈ ಆವೃತ್ತಿಯಲ್ಲಿ ಮೋಟಾರ್‌ಸೈಕಲ್ ಮತ್ತು ಕಾರುಗಳನ್ನು ಒಂದೇ ಪಟ್ಟಿಯಲ್ಲಿ ಪರಿಗಣಿಸಲಾಗಿತ್ತು. ಯಮಾಹಾ ಎಕ್ಸ್‌ಟಿ 500 ನಡೆಸಿದ ಸಿರಿಲ್ ನೆವೊ ವಿಜೇತರಾದರು. ಹಗುರವಾದ ಒಂದೇ ಸಿಲಿಂಡರಿನ ಮೋಟಾರ್‌ಸೈಕಲ್ ಮರಳಿನಲ್ಲಿ ನಾಲ್ಕು ಚಕ್ರದ ವಾಹನಗಳನ್ನು ಮೀರಿಸಬಲ್ಲದೆಂಬುದು ಇದರಿಂದ ಸಿದ್ಧವಾಯಿತು.

ರ‍್ಯಾಲಿಯ ದಿನಗಳಲ್ಲಿ ಸಬೀನ್ ಬಿಳಿಯ ಉಡುಪು ಧರಿಸಿ, ಹೆಲಿಕಾಪ್ಟರಿನಲ್ಲಿ ಮಾರ್ಗದ ಮೇಲೆ ಹಾರಾಡುತ್ತ, ಹಿಂದುಳಿದವರನ್ನೂ ದಾರಿ ತಪ್ಪಿದವರನ್ನೂ ಗಮನಿಸುತ್ತಿದ್ದರು. ಕಳೆದುಹೋಗುವ ಅಪಾಯ ಈ ಸ್ಪರ್ಧೆಯಲ್ಲಿ ಸದಾ ಇತ್ತು. 1982ರಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಪುತ್ರ ಮಾರ್ಕ್ ಥ್ಯಾಚರ್ ತಂಡದೊಂದಿಗೆ ಆರು ದಿನ ಕಾಣೆಯಾಗಿದ್ದು, ವ್ಯಾಪಕ ಶೋಧದ ನಂತರ ಸುರಕ್ಷಿತವಾಗಿ ಪತ್ತೆಯಾದರು. 1983ರಲ್ಲಿ ನೈಜರಿನ ತೆನೆರೆ ಮರುಭೂಮಿಯಲ್ಲಿ ಬೀಸಿದ ಮರಳುಗಾಳಿಗೆ ಸಿಲುಕಿ ಸುಮಾರು 40 ಸ್ಪರ್ಧಿಗಳು ದಾರಿ ತಪ್ಪಿದರು.

ಸವಾರಿಯ ಕೌಶಲಗಳು

ಸಬೀನ್ ರೂಪಿಸಿದ ಸ್ಪರ್ಧೆಯಲ್ಲಿ ವೇಗದಷ್ಟೇ ದಿಕ್ಕಿನ ಅರಿವಿಗೂ ಮಹತ್ವವಿತ್ತು. ಉಪಗ್ರಹ ಆಧಾರಿತ ದಿಕ್ಸೂಚನೆ ಬಳಕೆಗೆ ಬಾರದಿದ್ದ ಆ ಕಾಲದಲ್ಲಿ ಸವಾರರು ದಿಕ್ಸೂಚಿ, ದೂರಮಾಪಕ ಮತ್ತು ರೋಡ್‌ಬುಕ್ ಎಂಬ ಮಾರ್ಗಸೂಚಿಯನ್ನೇ ಅವಲಂಬಿಸಿದ್ದರು. ರೋಡ್‌ಬುಕ್‌ನಲ್ಲಿ ತಿರುವು, ಹಳ್ಳ, ಬಂಡೆ, ಬಾವಿ ಮೊದಲಾದ ಗುರುತುಗಳನ್ನು ದೂರದ ಸಹಿತ ನಮೂದಿಸಲಾಗುತ್ತದೆ. ದೂರಮಾಪಕದ ಸಂಖ್ಯೆಯನ್ನು ಈ ಗುರುತುಗಳೊಡನೆ ತಾಳೆ ನೋಡುತ್ತ, ಗುರುತು ಸಿಗದಿದ್ದರೆ ಮುಂದುವರಿಯದೆ ಕೊನೆಯ ಖಚಿತ ಸ್ಥಳಕ್ಕೆ ಹಿಂದಿರುಗುವುದು ಸವಾರನ ಮೊದಲ ಪಾಠ.

ಎರಡನೆಯದು ನೆಲದ ತಿಳಿವಳಿಕೆ. ಮಳೆಗಾಲದಲ್ಲಿ ಮುಧೋಳ, ಜಮಖಂಡಿ ಸೀಮೆಯ ಹೊಲದಾರಿಗಳಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ವಾಹನವನ್ನು ಹಿಡಿದು ನಿಲ್ಲಿಸುತ್ತದೆ; ಸಹಾರಾದಲ್ಲಿ ಮರಳು ಚಕ್ರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರಳಿನಲ್ಲಿ ಸವಾರನು ಪಾದಕಟ್ಟೆಗಳ ಮೇಲೆ ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ, ದೇಹದ ಭಾರವನ್ನು ತುಸು ಹಿಂದಕ್ಕೆ ಒಯ್ದು ಮುಂದಿನ ಚಕ್ರವನ್ನು ಹಗುರಗೊಳಿಸುತ್ತಾನೆ. ಆಕ್ಸಿಲರೇಟರನ್ನು ಒಮ್ಮೆಲೇ ಬಿಟ್ಟರೆ ಭಾರ ಮುಂದಕ್ಕೆ ಬಿದ್ದು ಚಕ್ರ ಹೂತುಹೋಗುತ್ತದೆ. ಆದುದರಿಂದ ವೇಗವನ್ನು ಸಮನಾಗಿ ಕಾಯ್ದುಕೊಳ್ಳಬೇಕಾಗುತ್ತದೆ. ಟೈರಿನ ಗಾಳಿಯನ್ನು ಕಡಿಮೆ ಮಾಡುವುದರಿಂದ ಅದು ಅಗಲವಾಗಿ ನೆಲವನ್ನು ಹಿಡಿಯುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯದೆ, ದೃಷ್ಟಿಯನ್ನು ದೂರಕ್ಕೆ ನೆಟ್ಟಿರುವುದೂ ಅಷ್ಟೇ ಮುಖ್ಯ.

ಟೀಕೆಗಳು

ಮೊದಲ ಆವೃತ್ತಿಯಲ್ಲಿಯೇ ಒಬ್ಬ ಮೋಟಾರ್‌ಸೈಕಲ್ ಸವಾರ ಮೃತಪಟ್ಟರು. ನಂತರದ ವರ್ಷಗಳಲ್ಲಿ ಸ್ಪರ್ಧಿಗಳಲ್ಲದೆ, ಮಾರ್ಗದ ಹಳ್ಳಿಗಳ ನಿವಾಸಿಗಳೂ ಮಕ್ಕಳೂ ಅಪಘಾತಗಳಿಗೆ ಬಲಿಯಾದರು. ಶ್ರೀಮಂತ ರಾಷ್ಟ್ರಗಳ ವಾಹನಗಳು ಬರ ಮತ್ತು ಬಡತನದಿಂದ ನಲುಗಿದ ಪ್ರದೇಶಗಳ ಮೂಲಕ ಪಂದ್ಯಕ್ಕಾಗಿ ಹಾಯುವುದು ಎಷ್ಟು ಸರಿ ಎಂಬ ಪ್ರಶ್ನೆ ಫ್ರಾನ್ಸಿನಲ್ಲಿಯೇ ಪ್ರಬಲವಾಗಿ ಕೇಳಿಬಂದಿತು. ಅಪಾಯವನ್ನು ತಾನಾಗಿ ಆರಿಸಿಕೊಂಡ ಸವಾರನ ಸ್ಥಿತಿ ಬೇರೆ, ಅದನ್ನು ಆರಿಸಿಕೊಳ್ಳದ ಗ್ರಾಮಸ್ಥನ ಸ್ಥಿತಿ ಬೇರೆ ಎಂಬುದು ಈ ಟೀಕೆಗಳ ತಿರುಳು. ಸಬೀನ್ ಅವರ ಸಾಧನೆಯನ್ನು ಅಳೆಯುವಾಗ ಈ ಅಂಶವನ್ನು ಬಿಡುವಂತಿಲ್ಲ.

ನಿಧನ

1986ರ ರ‍್ಯಾಲಿಯ ವೇಳೆ ಫ್ರೆಂಚ್ ಗಾಯಕ ಡೇನಿಯಲ್ ಬಾಲವ್ವಾನ್ ಆಫ್ರಿಕಾದ ಹಳ್ಳಿಗಳಿಗೆ ನೀರಿನ ಪಂಪುಗಳನ್ನು ಒದಗಿಸುವ ಕಾರ್ಯದ ನಿಮಿತ್ತ ಅಲ್ಲಿಗೆ ಬಂದಿದ್ದರು. ಜನವರಿ 14ರಂದು ಕತ್ತಲು ಕವಿದ ಬಳಿಕ, ಮಾಲಿಯ ಗುರ್ಮ-ರಾರೂಸ್ ಸಮೀಪದಲ್ಲಿ ಇವರಿಬ್ಬರೂ ಇದ್ದ ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿತು. ಸಬೀನ್, ಬಾಲವ್ವಾನ್, ಚಾಲಕ ಫ್ರಾನ್ಸ್ವಾ-ಝಾವಿಯೆ ಬಾನ್ಯು, ಪತ್ರಕರ್ತೆ ನತಾಲಿ ಒದಾಂ ಹಾಗೂ ರೇಡಿಯೊ ತಂತ್ರಜ್ಞ ಜಾನ್-ಪಾಲ್ ಲ ಫ್ಯೂರ್ ಈ ಐವರೂ ಮೃತಪಟ್ಟರು. ಆಗ ಸಬೀನ್ ಅವರಿಗೆ 36 ವರ್ಷ. ರ‍್ಯಾಲಿಯನ್ನು ನಿಲ್ಲಿಸದೆ ಡಕಾರ್‌ವರೆಗೆ ಪೂರ್ಣಗೊಳಿಸಲಾಯಿತು. ಸಬೀನ್ ಅವರ ಚಿತಾಭಸ್ಮವನ್ನು ಮರುಭೂಮಿಯಲ್ಲಿಯೇ ಚೆಲ್ಲಲಾಯಿತು. ನೈಜರಿನ ಮರುಭೂಮಿಯಲ್ಲಿರುವ ಒಂಟಿ ಮರವೊಂದು ಅವರ ಹೆಸರಿನಿಂದ ಗುರುತಿಸಲ್ಪಡುತ್ತದೆ.

ಚಾಲಕ ಬಾನ್ಯು ಅವರ ತಾಯಿ ಆಲ್ಬಿನಾ ದು ಬ್ವಾರೂವ್ರೆ 1989ರಲ್ಲಿ ಮಗನ ಹೆಸರಿನಲ್ಲಿ ಸ್ಥಾಪಿಸಿದ ಸೇವಾಸಂಸ್ಥೆ ಭಾರತದಲ್ಲಿಯೂ ಮಕ್ಕಳ ಹಿತಕ್ಕಾಗಿ ದುಡಿದಿದೆ.

ಪ್ರಭಾವ

ಸಬೀನ್ ನಂತರ ತಂದೆ ಜಿಲ್ಬೇರ್ ಕೆಲವು ವರ್ಷ ರ‍್ಯಾಲಿಯನ್ನು ನಡೆಸಿದರು. ಭದ್ರತೆಯ ಕಾರಣದಿಂದ 2008ರ ಸ್ಪರ್ಧೆ ರದ್ದಾಯಿತು. 2009ರಿಂದ ದಕ್ಷಿಣ ಅಮೆರಿಕದಲ್ಲಿ ನಡೆದ ರ‍್ಯಾಲಿ 2020ರಲ್ಲಿ ಸೌದಿ ಅರೇಬಿಯಾಕ್ಕೆ ಸ್ಥಳಾಂತರಗೊಂಡಿತು. ಡಕಾರ್ ಎಂಬ ಹೆಸರು ಮಾತ್ರ ಉಳಿಯಿತು.

ಮೋಟಾರ್‌ಸೈಕಲ್ ತಯಾರಿಕೆಯ ಮೇಲೂ ಇದರ ಪರಿಣಾಮ ಗಾಢವಾದುದು. 1980ರಲ್ಲಿ ಬಂದ ಬಿಎಂಡಬ್ಲ್ಯು ಆರ್ 80 ಜಿ/ಎಸ್ ಮಾದರಿಯ ಹೆಸರಿನ ಎರಡು ಅಕ್ಷರಗಳು ಕ್ರಮವಾಗಿ ಕಾಡುನೆಲ ಮತ್ತು ರಸ್ತೆ ಎಂಬರ್ಥದ ಜರ್ಮನ್ ಪದಗಳನ್ನು ಸೂಚಿಸುತ್ತವೆ. 1981 ಮತ್ತು 1983ರಲ್ಲಿ ಯುಬೇರ್ ಓರಿಯೊಲ್, 1984 ಮತ್ತು 1985ರಲ್ಲಿ ಗಾಸ್ತೋ ರಾಯೆ ಬಿಎಂಡಬ್ಲ್ಯು ವಾಹನಗಳಲ್ಲಿ ಗೆದ್ದ ಮೇಲೆ ಈ ಬಗೆಯ ವಾಹನಗಳಿಗೆ ಜನಪ್ರಿಯತೆ ದೊರೆಯಿತು. ಯಮಾಹಾ ಕಂಪನಿಯು 1983ರಲ್ಲಿ ದೊಡ್ಡ ಇಂಧನ ಟ್ಯಾಂಕಿನ ತನ್ನ ಮಾದರಿಗೆ ತೆನೆರೆ ಮರುಭೂಮಿಯ ಹೆಸರನ್ನೇ ಇಟ್ಟಿತು. 1988ರಲ್ಲಿ ಹೋಂಡಾದ ಆಫ್ರಿಕಾ ಟ್ವಿನ್ ಮಾರುಕಟ್ಟೆಗೆ ಬಂದಿತು.

ಕರ್ನಾಟಕದ ಸವಾರರು

ಹವ್ಯಾಸಿಗೂ ತೆರೆದಿರಬೇಕೆಂದು ಸಬೀನ್ ಆರಂಭಿಸಿದ ಈ ಸ್ಪರ್ಧೆಗೆ ಭಾರತದ ಸವಾರರು ಬಹುಕಾಲದ ನಂತರ ಪ್ರವೇಶಿಸಿದರು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ 36ನೆಯ ಸ್ಥಾನ ಪಡೆದು, ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದರು. ಕೋಲಾರದ ಬಳಿ ಅವರು ಆರಂಭಿಸಿದ ಬಿಗ್ ರಾಕ್ ಡರ್ಟ್ ಪಾರ್ಕ್‌ನಲ್ಲಿ ಕಚ್ಚಾನೆಲದ ಸವಾರಿಯ ತರಬೇತಿ ನೀಡಲಾಗುತ್ತದೆ. 2021ರ ರ‍್ಯಾಲಿಯಲ್ಲಿ ಸಂತೋಷ್ ತೀವ್ರ ಗಾಯಗೊಂಡರು. ಉಡುಪಿ ಮೂಲದ ಕೆ. ಪಿ. ಅರವಿಂದ್, ಹಿಂದಿನ ಪ್ರಯತ್ನಗಳಲ್ಲಿ ಗಾಯಗೊಂಡು ಹಿಂದೆ ಸರಿದಿದ್ದರೂ, 2019ರಲ್ಲಿ 37ನೆಯ ಸ್ಥಾನದೊಂದಿಗೆ ಗುರಿ ತಲುಪಿದರು.