ನಕ್ಷೆಗಳಲ್ಲಿ ನಾಡನ್ನು ಕಲಿಸಿದ ಎಮ್ಮಾ ವಿಲ್ಲಾರ್ಡ್

ರಾಷ್ಟ್ರವೊಂದು ಜನಿಸಿದೊಡನೆ ಅದಕ್ಕೆ ಧ್ವಜ ದೊರೆಯುತ್ತದೆ, ಸಂವಿಧಾನ ದೊರೆಯುತ್ತದೆ. ಆದರೆ ಅದರ ಆಕಾರವು ಮಕ್ಕಳ ಮನಸ್ಸಿನಲ್ಲಿ ನೆಲೆಗೊಳ್ಳುವುದು ಶಾಲೆಯ ಭೂಪಟದಿಂದ. ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಈ ಕಾರ್ಯವನ್ನು ಮಾಡಿದವರಲ್ಲಿ ಅಗ್ರಗಣ್ಯರು ಶಿಕ್ಷಕಿ ಎಮ್ಮಾ ವಿಲ್ಲಾರ್ಡ್.

ಅವರು ಜನಿಸಿದ್ದು 1787ರ ಫೆಬ್ರವರಿ 23ರಂದು, ಕನೆಕ್ಟಿಕಟ್‌ನ ಬರ್ಲಿನ್ ಎಂಬ ಊರಿನಲ್ಲಿ. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಆ ದೇಶದ ಸಂವಿಧಾನವೂ ರಚಿತವಾಯಿತು. ಒಕ್ಕಲುತನದ ತಂದೆಯ ಹದಿನೇಳು ಮಕ್ಕಳಲ್ಲಿ ಅವರು ಹದಿನಾರನೆಯವರು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿದ್ದ ಕಾಲವದು. ವಿವಾಹಾನಂತರ, ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ಪತಿಯ ಸೋದರಪುತ್ರನ ಪುಸ್ತಕಗಳಿಂದಲೇ ರೇಖಾಗಣಿತವನ್ನು ಸ್ವಯಂ ಅಭ್ಯಸಿಸಿದರು. ಪತಿ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದಾಗ, 1814ರಲ್ಲಿ ಮಿಡ್ಲ್‌ಬರಿಯ ತಮ್ಮ ಮನೆಯಲ್ಲಿಯೇ ಶಾಲೆ ತೆರೆದರು. 1819ರಲ್ಲಿ ಸ್ತ್ರೀಶಿಕ್ಷಣದ ಯೋಜನೆಯೊಂದನ್ನು ನ್ಯೂಯಾರ್ಕ್ ಶಾಸನಸಭೆಯ ಮುಂದಿಟ್ಟರೂ ಧನಸಹಾಯ ಲಭಿಸಲಿಲ್ಲ. ಆಗ ಟ್ರಾಯ್ ನಗರದ ಪೌರರು ತೆರಿಗೆಯ ಮೂಲಕ 4,000 ಡಾಲರ್ ಒದಗಿಸಿಕೊಟ್ಟರು. 1821ರಲ್ಲಿ ಅಲ್ಲಿ ಅವರ ಬಾಲಿಕಾ ವಿದ್ಯಾಲಯ ಆರಂಭವಾಯಿತು.

ಊರ ಹೆಸರುಗಳನ್ನು ಕಂಠಪಾಠ ಮಾಡಿಸುವುದೇ ಭೂಗೋಳಪಾಠವೆಂಬ ರೂಢಿಯನ್ನು ಅವರು ಒಪ್ಪಲಿಲ್ಲ. ಮಗುವು ಮೊದಲು ತನ್ನೂರಿನ ನಕ್ಷೆಯನ್ನು ತಾನೇ ಬರೆಯಬೇಕು, ಅನಂತರ ದೂರದ ದೇಶಗಳತ್ತ ಸಾಗಬೇಕು ಎಂಬುದು ಅವರ ಕ್ರಮ. 1828ರಲ್ಲಿ ಪ್ರಕಟವಾದ ಅವರ ಅಮೆರಿಕದ ಇತಿಹಾಸಕ್ಕೆ ನಕ್ಷೆಗಳ ಮಾಲೆಯೊಂದು ಜೊತೆಗೂಡಿತು. 1578ರಿಂದ 1826ರವರೆಗೆ ಆಯ್ದ ವರ್ಷಗಳಿಗೆ ಒಂದೊಂದು ನಕ್ಷೆ. ಪುಟ ತಿರುವಿದಂತೆ ಕರಾವಳಿಯ ಕೆಲವು ನೆಲೆಗಳು ವಸಾಹತುಗಳಾಗಿ, ವಸಾಹತುಗಳು ರಾಜ್ಯಗಳಾಗಿ, ರಾಜ್ಯಗಳು ಒಕ್ಕೂಟವಾಗಿ ಬೆಳೆಯುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡರು. ಕಾಲವನ್ನೇ ನೆಲದ ಮೇಲೆ ಮೂಡಿಸಿದ ಈ ವಿಧಾನ ಅಂದಿಗೆ ನೂತನವಾಗಿತ್ತು.

ಆದರೆ ಆ ಮಾಲೆಯಲ್ಲಿ ಒಂದು ಕೊರತೆಯೂ ಇದೆ. ಮೂಲನಿವಾಸಿಗಳ ನೆಲೆಗಳನ್ನೂ ವಲಸೆಗಳನ್ನೂ ಅವರು ತೋರಿಸಿದ್ದು ಪೀಠಿಕೆಯ ನಕ್ಷೆಯೊಂದರಲ್ಲಿ. ಅದಕ್ಕೆ ಇಸವಿಯೇ ಇಲ್ಲ. ಇತಿಹಾಸವು ಆರಂಭವಾಗುವ ಮೊದಲೇ ಅವರ ಕಥೆ ಮುಗಿಯಿತೆಂಬ ಭಾವನೆ ಎಳೆಯ ಮನಸ್ಸುಗಳಲ್ಲಿ ಮೂಡಲು ಅಷ್ಟೇ ಸಾಕು. ವಾಸ್ತವದಲ್ಲಿ ಅವರು ಆಗಲೂ ತಮ್ಮ ನೆಲದಲ್ಲಿ ಬಾಳುತ್ತಿದ್ದರು. ಎರಡೇ ವರ್ಷಗಳಲ್ಲಿ, 1830ರಲ್ಲಿ, ಅವರನ್ನು ಮಿಸಿಸಿಪಿ ನದಿಯಾಚೆಗೆ ಸಾಗಹಾಕುವ ಶಾಸನ ಜಾರಿಗೆ ಬಂದಿತು.

ಎಮ್ಮಾ ವಿಲ್ಲಾರ್ಡ್ 1870ರ ಏಪ್ರಿಲ್ 15ರಂದು ಟ್ರಾಯ್‌ನಲ್ಲಿ ನಿಧನರಾದರು. 1895ರಿಂದ ಅವರ ವಿದ್ಯಾಲಯವು ಅವರ ಹೆಸರನ್ನೇ ಹೊತ್ತಿದೆ. ಮಕ್ಕಳ ಕೈಗೆ ಲೇಖನಿಯನ್ನಿತ್ತು ನಾಡನ್ನು ಬರೆಯಿಸಿದ ಆ ಸಾಹಸ ಶಿಕ್ಷಕವೃಂದಕ್ಕೆ ಸದಾ ಅನುಕರಣೀಯ. ಬರೆದ ಗೆರೆಗಳೊಂದಿಗೆ, ಬರೆಯದೆ ಬಿಟ್ಟವರನ್ನೂ ಮಕ್ಕಳಿಗೆ ತೋರಿಸುವ ಹೊಣೆ ಅವರ ಅನಂತರದ ಶಿಕ್ಷಕರಾದ ನಮ್ಮೆಲ್ಲರದು.