ಸತ್ತ ನೊಣ ಬಿಡಿಸಿದ ಒಗಟು: ಥಾಮಸ್ ಹಕ್ಸ್‌ಲಿ ಮತ್ತು ನೀರಿನ ಬೂಷ್ಟು

ಮನೆಯಲ್ಲಿ ಅಕ್ವೇರಿಯಂ ಇಟ್ಟವರು ಇದನ್ನು ನೋಡಿರಬಹುದು: ಗಾಯವಾದ ಮೀನಿನ ಮೈಮೇಲೆ ಹತ್ತಿಯಂತಹ ಬಿಳಿ ಎಳೆಗಳು ಕಾಣಿಸಿಕೊಳ್ಳುತ್ತವೆ. ಅದು ಕೊಳೆಯಲ್ಲ, ಪಾಚಿಯೂ ಅಲ್ಲ; ನೀರಿನೊಳಗೇ ಬೆಳೆಯುವ ಬೂಷ್ಟು. ಬೂಷ್ಟು ಬರುವುದು ಹಳೆಯ ಬ್ರೆಡ್ಡು, ಒದ್ದೆ ಗೋಡೆಗಳ ಮೇಲೆ ಮಾತ್ರ ಎಂದು ನಾವು ಭಾವಿಸುತ್ತೇವೆ. ಆದರೆ ನೀರಿನಲ್ಲೂ ಅದಕ್ಕೆ ಸಂಸಾರವಿದೆ. ಈ ಸಂಸಾರದ ಬೆನ್ನುಹತ್ತಿದವರಲ್ಲಿ ಒಬ್ಬರು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ.

ಹಕ್ಸ್‌ಲಿ ಹುಟ್ಟಿದ್ದು 1825ರ ಮೇ 4ರಂದು, ಲಂಡನ್ ಸಮೀಪದ ಈಲಿಂಗ್‌ನಲ್ಲಿ. ತಂದೆ ಶಾಲಾ ಶಿಕ್ಷಕರಾದರೂ ಮಗ ಶಾಲೆಯಲ್ಲಿ ಕಲಿತದ್ದು ಎರಡೇ ವರ್ಷ. ಉಳಿದದ್ದೆಲ್ಲ ಸ್ವಂತ ಓದು. ವೈದ್ಯಕೀಯ ಕಲಿತ ಬಳಿಕ 1846ರಲ್ಲಿ 'ರ‍್ಯಾಟಲ್‌ಸ್ನೇಕ್' ಎಂಬ ನೌಕಾಪಡೆಯ ಹಡಗಿನಲ್ಲಿ ಸಹಾಯಕ ವೈದ್ಯರಾಗಿ ಆಸ್ಟ್ರೇಲಿಯಾದ ಕಡೆ ಹೊರಟರು. ದಾರಿಯುದ್ದಕ್ಕೂ ಲೋಳೆಮೀನಿನಂತಹ ಜೀವಿಗಳನ್ನು ಪರೀಕ್ಷಿಸಿ ಪ್ರಬಂಧಗಳನ್ನು ಲಂಡನ್ನಿಗೆ ಕಳಿಸಿದರು. 1851ರಲ್ಲಿ, ಇಪ್ಪತ್ತಾರನೆಯ ವಯಸ್ಸಿಗೇ, ರಾಯಲ್ ಸೊಸೈಟಿಯ ಸದಸ್ಯರಾದರು. ಮುಂದೆ ಡಾರ್ವಿನ್ನರ ವಿಕಾಸವಾದದ ಪರ ವಾದಿಸಿ ಲೋಕಪ್ರಸಿದ್ಧರಾದರು. 'ಅಗ್ನಾಸ್ಟಿಕ್' ಎಂಬ ಪದವನ್ನು ಟಂಕಿಸಿದವರೂ ಅವರೇ.

1881ರಲ್ಲಿ ಅವರಿಗೆ ಮೀನುಗಾರಿಕೆಯ ಸರ್ಕಾರಿ ಇನ್‌ಸ್ಪೆಕ್ಟರ್ ಹುದ್ದೆಯೂ ಬಂತು. ಆ ಹೊತ್ತಿಗೆ ಬ್ರಿಟನ್ನಿನ ನದಿಗಳಲ್ಲಿ ದೊಡ್ಡ ಸಂಕಟವೊಂದು ಹಬ್ಬಿತ್ತು. 1877ರಲ್ಲಿ ಎಸ್ಕ್ ಮತ್ತು ನಿತ್ ನದಿಗಳಲ್ಲಿ ಕಾಣಿಸಿದ್ದ ರೋಗ ಟ್ವೀಡ್ ಮುಂತಾದ ನದಿಗಳನ್ನೂ ತಲುಪಿತ್ತು. ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಬರುವ ಸಾಲ್ಮನ್ ಮೀನುಗಳ ತಲೆಯ ಮೇಲೆ, ರೆಕ್ಕೆಗಳ ಬುಡದಲ್ಲಿ ಬಿಳಿ ಮಚ್ಚೆ ಮೂಡುತ್ತಿತ್ತು. ಅದು ಹುಣ್ಣಾಗಿ ಮೀನು ಸಾಯುತ್ತಿತ್ತು. ಮೀನನ್ನೇ ನಂಬಿದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಕೆಲವರು ಕಾರ್ಖಾನೆಯ ಕೊಳಕು ನೀರನ್ನು ದೂರಿದರು. ಇನ್ನು ಕೆಲವರು ನದಿಯಲ್ಲಿ ಮೀನು ವಿಪರೀತ ಹೆಚ್ಚಿರುವುದೇ ಕಾರಣ ಎಂದರು.

ಹಕ್ಸ್‌ಲಿ ಮಾಡಿದ ಪ್ರಯೋಗ ಬಲು ಸರಳ. ಆಗಷ್ಟೇ ಸತ್ತ ನೊಣವೊಂದನ್ನು ರೋಗಿಷ್ಟ ಸಾಲ್ಮನ್ನಿನ ಮಚ್ಚೆಯ ಮೇಲೆ ಮೆಲ್ಲಗೆ ಉಜ್ಜಿ, ನೀರಿನ ಪಾತ್ರೆಯಲ್ಲಿ ಬಿಟ್ಟರು. ಎರಡು ದಿನದೊಳಗೆ ನೊಣದ ಮೈತುಂಬ ಬಿಳಿ ಎಳೆಗಳು! ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಸ್ಯಾಪ್ರೊಲೆಗ್ನಿಯಾ ಎಂದು ಗೊತ್ತಾಯಿತು. ಸತ್ತ ಕೀಟಗಳ ಮೇಲೆ ಬೆಳೆಯುವ ಬೂಷ್ಟೇ ಬದುಕಿರುವ ಮೀನಿನ ಚರ್ಮದೊಳಗೂ ಬೇರೂರುತ್ತದೆ ಎಂಬುದನ್ನು ಅವರು 1882ರಲ್ಲಿ ಪ್ರಕಟಿಸಿದರು. ಅಂದರೆ ರೋಗದ ಬೀಜ ರೋಗಿಷ್ಟ ಮೀನುಗಳಲ್ಲಷ್ಟೇ ಇಲ್ಲ. ನೀರಿಗೆ ಬಿದ್ದ ಒಂದು ನೊಣವೂ ಅದನ್ನು ಸಾಕಬಲ್ಲದು.

ಹಾಗಾದರೆ ಹಕ್ಸ್‌ಲಿ ಹೇಳಿದ್ದೆಲ್ಲ ಸರಿಯೇ? ಪೂರ್ತಿ ಅಲ್ಲ. ಗಾಯವಾದ, ಬಳಲಿದ, ಮೊಟ್ಟೆಯಿಡುವ ಹೊತ್ತಿಗೆ ಸೊರಗಿದ ಮೀನುಗಳನ್ನೇ ಈ ಬೂಷ್ಟು ಹೆಚ್ಚಾಗಿ ಹಿಡಿಯುತ್ತದೆ ಎಂದು ಇಂದು ತಿಳಿದಿದೆ. ಸ್ಯಾಪ್ರೊಲೆಗ್ನಿಯಾ ನಿಜವಾದ ಶಿಲೀಂಧ್ರವೂ ಅಲ್ಲ! ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯವಾದರೆ ಇದರಲ್ಲಿ ಸೆಲ್ಯುಲೋಸ್ ಇರುತ್ತದೆ. ಇದು ಕಂದು ಪಾಚಿಗಳ ದೂರದ ಬಂಧು, ಊಮೈಸೀಟ್ ಗುಂಪಿಗೆ ಸೇರಿದ್ದು. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಈ ಗುಂಪು ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗ ತರುವ ಫೈಟಾಫ್ತೊರಾ ಕೂಡ ಊಮೈಸೀಟೇ. ಅದರ ಬೀಜಕಣಗಳು ನೀರಿನ ಪದರದಲ್ಲಿ ಈಜುತ್ತವೆ. ಬೋರ್ಡೋ ದ್ರಾವಣ ಸಿಂಪಡಿಸುವುದು ಅದನ್ನು ತಡೆಯಲೆಂದೇ.

ಹಾಗೆಂದು ನೀರಿನಲ್ಲಿ ನಿಜವಾದ ಶಿಲೀಂಧ್ರಗಳಿಗೆ ಬರವಿಲ್ಲ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಬಿದ್ದ ಎಲೆಗಳನ್ನು ಕೊಳೆಯಿಸುವ ಶಿಲೀಂಧ್ರಗಳಿವೆ. ಅವುಗಳಲ್ಲಿ ಹಲವಕ್ಕೆ ನಾಲ್ಕು ಕೈ ಚಾಚಿದಂತಹ ಬೀಜಕಣಗಳು. ಹರಿವ ನೀರಿನಲ್ಲಿ ಎಲೆಗೆ ಸಿಕ್ಕಿಕೊಳ್ಳಲು ಅದೇ ಉಪಾಯ. ಮೆದುವಾದ ಆ ಎಲೆಗಳನ್ನು ಜಲಕೀಟಗಳು ತಿನ್ನುತ್ತವೆ, ಕೀಟಗಳನ್ನು ಮೀನು ತಿನ್ನುತ್ತದೆ. ಕಾಂಡ್ಲಾಕಾಡಿನ ಸತ್ತ ಕಟ್ಟಿಗೆಯಲ್ಲಿ, ಸಮುದ್ರದಲ್ಲಿ ತೇಲುವ ಮರದಲ್ಲಿ ಬೇರೆಯವೇ ಶಿಲೀಂಧ್ರಗಳು ಇರುತ್ತವೆ. ಮೀನಿಗೆ ಹುಣ್ಣು ತರುವ ಬೂಷ್ಟು ಇರುವ ನೀರಿನಲ್ಲೇ ಮೀನಿಗೆ ಊಟ ಒದಗಿಸುವವೂ ಇವೆ.

ಹಕ್ಸ್‌ಲಿ 1883ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. ಸಮುದ್ರದ ಪ್ರಮುಖ ಮೀನುಗಳು ಹಿಡಿದಷ್ಟೂ ಮುಗಿಯುವುದಿಲ್ಲ ಎಂದು ಅದೇ ವರ್ಷ ಅವರು ವಾದಿಸಿದ್ದನ್ನು ಕಾಲ ಸುಳ್ಳಾಗಿಸಿತು. ಅನಾರೋಗ್ಯದಿಂದ 1885ರಲ್ಲಿ ಹುದ್ದೆಗಳನ್ನು ಬಿಟ್ಟ ಅವರು 1895ರ ಜೂನ್ 29ರಂದು ಈಸ್ಟ್‌ಬೋರ್ನ್‌ನಲ್ಲಿ ತೀರಿಕೊಂಡರು. ಕೆರೆಯ ನೀರಿನಲ್ಲಿ ಯಾವ ಬೂಷ್ಟು ಇದೆಯೆಂದು ತಿಳಿಯಲು ಇಂದಿಗೂ ಸತ್ತ ಕೀಟವನ್ನೋ ಬೀಜವನ್ನೋ ಅದರಲ್ಲಿ ಹಾಕಿ, ಬಿಳಿ ಎಳೆಗಳು ಮೂಡುವುದನ್ನು ಕಾಯುವ ವಿಧಾನ ಬಳಕೆಯಲ್ಲಿದೆ.